ಕೆಂಪತ್ತೆಯ ಎಡಗಾಲು

ಒದೆಸಿಕೊಳ್ಳಲು ಜನ ಸರದಿಯಲ್ಲಿ ಕೂರುತ್ತಿದ್ದ ಮನೆ ಬೆಸಗರಹಳ್ಳಿಯಲ್ಲಿ ಒಂದೇ ಒಂದು, ನನ್ನ ಸೋದರತ್ತೆ ಕೆಂಪಮ್ಮನದು. ಅತ್ತೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳಂತೆ. ಹಾಗೆ ಹುಟ್ಟಿದವರು ಎಡಗಾಲಲ್ಲಿ ಮೂರು ಸಲ ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಭಾನುವಾರ ಬೆಳಗಾದರೆ ಮದ್ದೂರು, ಮಳವಳ್ಳಿ ಕಡೆಯಿಂದ ಗಾಡಿಗಳು ಬರುತ್ತಿದ್ದವು. ಇಳಿದವರು ಅಯ್ಯೋ ಅಪ್ಪಾ ಎಂದು ನರಳುತ್ತಾ ಬಂದು ಜಗಲಿಯ ಮೇಲೆ ಬೋರಲು ಮಲಗುವರು. ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿ, ಕಂಬ ಹಿಡಿದು, ಒದೆಯುವಳು. ಒದ್ದ ಮೇಲೆ ಮರೆಯದೆ ಅವರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಕಾಲು ತಾಗಿಸಿದ ತಪ್ಪಿಗೆ ಅದು.

ಆಳು ಗಿಡ್ಡ, ಪಾದ ಮಾತ್ರ ಮೊರದಗಲ. ಆ ಪಾದಕ್ಕೆ ಅವಳು ಮಾಡುತ್ತಿದ್ದ ಉಪಚಾರವನ್ನು ನಮ್ಮ ಮಾವ ಜನ್ಮದಲ್ಲಿ ಕಂಡವರಲ್ಲ. ದಿನಾ ಹರಳೆಣ್ಣೆ, ಬಿಸಿನೀರು. ಎಡಗಾಲಿಗೆ ಎರಡು ತಂಬಿಗೆ, ಬಲಗಾಲಿಗೆ ಒಂದೇ.

ಒಮ್ಮೆ ಒಬ್ಬ ಅಮಲ್ದಾರರೇ ಬಂದರು. ಊರೂರಲ್ಲಿ ಹುಡುಗರು ಸರ್ಕಾರದ ವಿರುದ್ಧ ಕೂಗಿ ಜೈಲು ಸೇರುತ್ತಿದ್ದ ಕಾಲ ಅದು. ಸಾಹೇಬರು ಪೇಟ ತೆಗೆದಿಟ್ಟು ಮಲಗಿದರು. ಅತ್ತೆ ಧಡಾರನೆ ಮೂರು ಕೊಟ್ಟಳು. ಅವರು ಎದ್ದು, ಸೊಂಟ ತಿರುಗಿಸಿ ನೋಡಿ, ಕೈ ಮುಗಿದು ಹೋದರು. "ಕೂಗ್ದೋರ್ನೆಲ್ಲ ಇಡ್ಕಂಡೋದ್ರು. ಒದ್ದೋಳ್ಗೆ ಕೈ ಮುಗುದ್ರು. ಏನ್ ಸರ್ಕಾರ್ವೋ!" ಎಂದು ಅತ್ತೆ ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕಳು.

ನಾನಾಗ ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದೆ. ರಜಕ್ಕೆ ಬಂದವನು ಅವಳ ಕಾಲನ್ನೇ ತೋರಿಸುತ್ತಾ ಫೀಮರ್, ಟಿಬಿಯಾ, ಫಿಬ್ಯುಲಾ ಎಂದು ಒಪ್ಪಿಸಿದೆ. ಪಾದವೊಂದರಲ್ಲೇ ಇಪ್ಪತ್ತಾರು ಮೂಳೆ ಎಂದೆ.

"ಇಪ್ಪತ್ತಾರಾ? ಎಣಿಸ್ಕಂಡು ಕುಂತಿದ್ದೋನು ಯಾವನ್ಲಾ, ಬ್ಯಾರೆ ಕೆಲ್ಸಿಲ್ದೋನು?" ಎಂದಳು. "ನಾ ಏಳ್ತೀನಿ ಕೇಳು. ತೊಡೇಲಿ ಬಲ ಉಟ್ಬೇಕು, ಮಂಡಿ ಅದ್ಕೆ ದಾರಿ ಬುಡ್ಬೇಕು, ಇಮ್ಮಡಿ ಓಗಿ ಮುಟ್ಬೇಕು. ಬರೀ ಪಾದ್ದಲ್ಲಿ ಒದೆಯೋದಾದ್ರೆ ಕತ್ತೆನೂ ಒದೀತದೆ."

ಇದೆಲ್ಲ ಮೂಢನಂಬಿಕೆ ಎಂದು ನಾನು, ನಾಕಕ್ಷರ ಕಲಿತ ಕೊಬ್ಬು ಎಂದು ಅವಳು. ಹೀಗೇ ನಡೆದಿತ್ತು.

ಅವಳಿಗಿದ್ದದ್ದು ಒಬ್ಬಳೇ ಮಗಳು. ಆ ಹುಡುಗಿಯ ಮದುವೆಗೆ ಎರಡು ದಿನ ಇದೆ ಎನ್ನುವಾಗ, ಬೇಡ ಎಂದರೂ ಕೇಳದೆ ಅತ್ತೆ ನೀರು ತುಂಬಿದ ಹಂಡೆಗೆ ಕೈ ಹಾಕಿದಳು. ಕಟಕ್ ಎಂದಿತು. ಬಗ್ಗಿದವಳು ಮೇಲೇಳಲಿಲ್ಲ. ಶಾಖ ಕೊಟ್ಟೆ, ಮುಲಾಮು ತಿಕ್ಕಿದೆ, ಊಹೂಂ. ತಾಯಿ ನೆಟ್ಟಗೆ ನಿಂತು ಧಾರೆ ಎರೆಯದಿದ್ದರೆ ಆ ಜಾಗಕ್ಕೆ ಬರುವವಳು ವಾರಗಿತ್ತಿ. ಮೂರು ವರ್ಷದಿಂದ ಇವಳೊಂದಿಗೆ ಮಾತು ಬಿಟ್ಟವಳು! ಅತ್ತೆಗೆ ನೋವಿಗಿಂತ ಆ ಉರಿಯೇ ಹೆಚ್ಚಾಗಿತ್ತು. ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬಳು ಬಸರಾಳಿನಲ್ಲಿದ್ದವಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು.

ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದಳು.

"ಮಗ, ಒಂದ್ ಮಾತು ಮುಚ್ಚಿಟ್ಟಿದ್ದೆ. ನೀನೂ ಕಾಲು ಮುಂದಾಗೇ ಉಟ್ದೋನು ಕಣ್ಲಾ. ನಿಮ್ಮವ್ವನ ಎರ್ಗೇಲಿ ದೀಪ ಇಡ್ಕಂಡಿದ್ದೋಳು ನಾನೆ. ಒಂದ್ಮನೇಲಿ ಎಲ್ಡು ಕಾಲಾದ್ರೆ ನನ್ನ್ಯಾರು ಕೇಳಾರು ಅಂತ ಸುಮ್ಕಿದ್ದೆ."

ಕೇಳಿ ತಿಳಿಯೋಣವೆಂದರೆ ಅವ್ವ ನಾನು ಮೂರು ವರ್ಷದವನಿದ್ದಾಗಲೇ ಹೋಗಿದ್ದಳು. ನನ್ನನ್ನು ಎತ್ತಿ ಸಾಕಿದವಳು ಈ ಅತ್ತೆ. ಅವಳನ್ನು ಒದೆಯುವುದೇ?

"ಸಾಸ್ತ್ರ ಕಣ್ಲಾ, ತಪ್ಪಿಲ್ಲ. ಒದಿ."

ಒಂದು ಒದ್ದೆ. "ಏನ್ಲಾ ಅದು, ಸಗಣಿ ಸಾರಿಸ್ತಿದ್ದೀಯಾ?" ಎರಡನೆಯದು ಒದ್ದೆ. "ನೊಣ ಓಡಿಸ್ತಾವ್ನೆ ನೋಡು! ನಿನ್ನ ಇಪ್ಪತ್ತಾರು ಮೂಳೆನೂ ನಾಯಿಗಾಕು!"

ನೆತ್ತಿಗೇರಿತು ನನಗೆ. ತೊಡೆಯಲ್ಲಿ ಬಲ ಹುಟ್ಟಿತು, ಮಂಡಿ ದಾರಿ ಬಿಟ್ಟಿತು, ಹಿಮ್ಮಡಿ ಹೋಗಿ ಮುಟ್ಟಿತು. "ಅಯ್ಯಯ್ಯಪ್ಪೋ!" ಎಂಬ ಕೂಗಿಗೆ ಚಪ್ಪರದವರೆಲ್ಲ ಬಾಗಿಲು ತಳ್ಳಿಕೊಂಡು ನುಗ್ಗಿದರು. ಓದಿದ ಸೋದರಳಿಯ ಒಂಟಿಕಾಲಲ್ಲಿ ನಿಂತಿದ್ದ. ಅತ್ತೆ ಗೋಡೆ ಹಿಡಿದು, ಇಷ್ಟಿಷ್ಟೇ, ನೆಟ್ಟಗಾಗುತ್ತಿದ್ದಳು.

ಧಾರೆಯ ಹೊತ್ತಿಗೆ ಅವಳು ನಿಂತ ಠೀವಿಗೆ ವಾರಗಿತ್ತಿಯ ಮುಖ ಹುಳ್ಳಗಾಯಿತು.

ಸ್ವಾತಂತ್ರ್ಯ ಬಂದ ವರ್ಷ ಅತ್ತೆ ಹಾಸಿಗೆ ಹಿಡಿದಳು. ನಾನು ಮಳವಳ್ಳಿಯಲ್ಲಿ ಡಾಕ್ಟರಾಗಿದ್ದೆ. ನೋಡಲು ಹೋದಾಗ, ನಾನೂ ಕಾಲು ಮುಂದಾಗಿ ಹುಟ್ಟಿದವನೆಂದು ಮದುವೆಮನೆಯಲ್ಲಿ ನೀನು ಸಾರಿದ ಮೇಲೆ ಜನ ಔಷಧಿ ಬೇಡ, ಒದ್ದು ಕಳಿಸಿ ಅನ್ನುತ್ತಾರೆ ಎಂದು ಗೋಳು ತೋಡಿಕೊಂಡೆ. ಕೆಮ್ಮು ಬರುವಷ್ಟು ನಕ್ಕಳು.

"ನೀನು ಎಲ್ಲಾರಂಗೆ ತಲೆ ಮುಂದಾಗೇ ಉಟ್ದೋನು ಕಣ್ಲಾ, ಬೆಪ್ಪೆ. ಸಾಸ್ತ್ರ ಇಲ್ದೆ ಅತ್ತೇನ ಒದಿ ಅಂದ್ರೆ ಒದೀತಿದ್ಯಾ? ಒದ್ದಿದ್ರೆ ಊರೋರು ನಿನ್ನ ಬುಡ್ತಿದ್ರಾ?"

"ಹಂಗಾದ್ರೆ ಅತ್ತೆ, ನೀನು?"

ಅತ್ತೆ ಪಾದದ ಮೇಲೆ ಕಂಬಳಿ ಎಳೆದುಕೊಂಡಳು. "ಬಸ್ಸಿಗೊತ್ತಾಯ್ತು, ಕಾಪಿ ಕುಡ್ದು ಒಲ್ಡು," ಎಂದಳು.

ಮದುವೆಯ ಗಲಾಟೆಯಲ್ಲಿ ಅವಳನ್ನು ಒದ್ದ ನಾನು ಮುಟ್ಟಿ ಕಣ್ಣಿಗೊತ್ತಿಕೊಂಡಿರಲಿಲ್ಲ. ಕಂಬಳಿಯ ಮೇಲಿಂದಲೇ ಆ ಎಡಗಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮುಂದಿನ ತಿಂಗಳು ಅತ್ತೆ ಹೋದಳು.

ಈಗ ನನ್ನದೇ ಸೊಂಟ ಆಗಾಗ ಹಿಡಿದುಕೊಳ್ಳುತ್ತದೆ. ಮೂಳೆಗಳ ಹೆಸರು ಗೊತ್ತು, ಮಾತ್ರೆಗಳ ಹೆಸರೂ ಗೊತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಜಗಲಿಯ ಮೇಲೆ ಬೋರಲು ಮಲಗಿ ನೋಡುತ್ತೇನೆ. ಒದೆಯುವವರಿಲ್ಲ.