ನಲವತ್ತೇಳು ಬೈ ರನ್ನುಗಳು

ವರ್ನ್ ಪಾಸ್ಕೋ ನಮ್ಮ ಯಾರಂಬುಲ್ ಊರಿನ ಕ್ರಿಕೆಟ್ ತಂಡಕ್ಕೆ ಮೂವತ್ತೊಂದು ವರ್ಷ ವಿಕೆಟ್ ಕೀಪರ್ ಆಗಿದ್ದ. ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದ. ಫೆಬ್ರವರಿಯ ಒಂದು ಶನಿವಾರದಿಂದ ಸೋಮವಾರದೊಳಗೆ ಎರಡೂ ಅವನ ಕೈತಪ್ಪಿದವು. ಶನಿವಾರದ್ದನ್ನು ಊರೆಲ್ಲ ನೋಡಿತು. ಸೋಮವಾರದ್ದನ್ನು ನೋಡಿದವರು ನಮ್ಮ ತಂಡದ ಡಾರ್ಸಿ ಮತ್ತು ನಾನು, ಇಬ್ಬರೇ.

ನನ್ನ ಹೆಸರು ನೋಲಾ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತೇನೆ, ಶನಿವಾರ ತಂಡದ ಸ್ಕೋರ್ ಬರೆಯುತ್ತೇನೆ. ನನ್ನ ಗಂಡ ಆಡುತ್ತಿದ್ದ ಕಾಲದಲ್ಲಿ ಹಿಡಿದ ಪೆನ್ಸಿಲು. ಅವನು ಹೋದ ಮೇಲೂ ಬಿಡಲು ಮನಸ್ಸಾಗಲಿಲ್ಲ. ನಮ್ಮದು ಗೆಲ್ಲುವ ತಂಡವೇನಲ್ಲ. ಗೋಧಿ ಗೋದಾಮಿನಲ್ಲಿ ಕೆಲಸ ಮಾಡುವವರು, ಬೇಕರಿಯವನು, ಒಬ್ಬ ಮೇಷ್ಟ್ರು, ಮಂಡಿ ಸವೆದ ನಾಲ್ಕೈದು ಜನ. ಎಷ್ಟೋ ಶನಿವಾರ ಹನ್ನೊಂದು ಜನ ಸೇರುವುದೇ ಕಷ್ಟ. ಶುಕ್ರವಾರ ಸಂಜೆ ವರ್ನ್ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದ. "ನೀನು ಓಡಬೇಡ ಮಾರಾಯ, ನಿಂತ್ಕೊಂಡ್ರೆ ಸಾಕು. ಚೆಂಡೇ ನಿನ್ನ ಹತ್ರ ಬರತ್ತೆ" ಎಂದು ನಗಿಸಿ ಕರೆತರುತ್ತಿದ್ದ.

ಅವನ ಹೆಂಡತಿ ಮಾರ್ಗ್‌ಗೆ ಎರಡೂ ಮೂತ್ರಪಿಂಡ ಕೈಕೊಟ್ಟು ಮೂರು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಎಪ್ಪತ್ತು ಕಿಲೋಮೀಟರ್ ದೂರದ ದೊಡ್ಡ ಊರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿದವನೇ ವರ್ನ್ ಮಾರ್ಗ್‌ಳನ್ನು ಕಾರಿಗೆ ಹತ್ತಿಸಿಕೊಂಡು ಹೊರಡುತ್ತಿದ್ದ. ನಾಲ್ಕು ಗಂಟೆ ಯಂತ್ರದ ಪಕ್ಕ ಕೂತು, ಮತ್ತೆ ಅವಳನ್ನು ಮನೆಗೆ ತಲುಪಿಸಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಬಸ್ಸಿನಲ್ಲಿರುತ್ತಿದ್ದ. ಒಂದು ದಿನವೂ ತಡವಾದದ್ದು ನಾನು ಕಾಣೆ.

ಆ ಶನಿವಾರ ಡನ್‌ಮೋರ್‌ನವರು ನಮ್ಮ ಮೈದಾನಕ್ಕೆ ಬಂದಿದ್ದರು. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೇಸಿಗೆ, ನಲವತ್ತು ಡಿಗ್ರಿ ಬಿಸಿಲು. ಪಿಚ್ಚಿನ ಕಾಂಕ್ರೀಟಿನ ಮೇಲೆ ಹಾಸಿದ ಹಸಿರು ಚಾಪೆ ಕಾದು ರಬ್ಬರಿನ ವಾಸನೆ ಹೊಡೆಯುತ್ತಿತ್ತು. ನೊಣಗಳ ಕಾಟಕ್ಕೆ ಬಾಯಿ ಬಿಡುವಂತಿಲ್ಲ. ನಮ್ಮ ಕಡೆ ಹತ್ತೇ ಜನ. ಅವರು ಟಾಸ್ ಗೆದ್ದು ಬ್ಯಾಟಿಂಗ್ ತೆಗೆದುಕೊಂಡರು.

ನಮ್ಮ ವೇಗದ ಬೌಲರ್ ಒಬ್ಬನೇ, ಡಾರ್ಸಿ ಮಲೋನ್. ಗೋದಾಮಿನಲ್ಲಿ ಮೂಟೆ ಎತ್ತಿ ಗಟ್ಟಿಯಾದ ಭುಜ, ಮೂವತ್ತೈದರ ವಯಸ್ಸು, ಇಬ್ಬರು ಹೆಣ್ಣುಮಕ್ಕಳು. ಅವನ ಮೊದಲ ಓವರಿನ ಎರಡನೇ ಚೆಂಡು ಬ್ಯಾಟಿನ ಅಂಚು ಸವರಿ ನೇರವಾಗಿ ವರ್ನ್‌ನ ಎದೆಯೆತ್ತರಕ್ಕೆ ಹೋಯಿತು. ವರ್ನ್ ಕೈಗಳನ್ನು ಜೋಡಿಸಿದ, ಆದರೆ ಎಡಕ್ಕೆ. ಚೆಂಡು ಅವನ ಬಲಭುಜದ ಪಕ್ಕದಲ್ಲೇ ಹಾದು ಬೌಂಡರಿಗೆ ಹೋಯಿತು.

"ಏನೋ ಮುದುಕಾ, ನಿದ್ದೆ ಬಂತಾ?" ಎಂದು ಕೂಗಿದ ಬೇಕರಿಯವನು.

"ನಿನ್ನ ಬನ್ನು ತಿಂದಿದ್ದೆ ಕಣೋ, ಹೊಟ್ಟೆ ಭಾರ!" ಎಂದ ವರ್ನ್. ಎಲ್ಲರೂ ನಕ್ಕರು.

ಆಮೇಲೆ ನಗು ಕಡಿಮೆಯಾಗುತ್ತ ಹೋಯಿತು. ಬ್ಯಾಟಿಗೆ ತಗಲದ ಚೆಂಡೆಲ್ಲ ವರ್ನ್‌ನನ್ನು ದಾಟಿ ಹೋಗುತ್ತಿತ್ತು. ಅಂಪೈರ್ ಕೈ ಎತ್ತುವುದು, ನಾನು ಬೈ ಎಂದು, ಅಂದರೆ ಕೀಪರ್ ಬಿಟ್ಟ ಚೆಂಡಿಗೆ ಸಿಕ್ಕ ರನ್ನು ಎಂದು ಬರೆಯುವುದು. ನಾಲ್ಕು, ಎಂಟು, ಹದಿನಾರು. ನಿಜ ಹೇಳಬೇಕೆಂದರೆ ಅದು ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಇಡೀ ಬೇಸಿಗೆಗೆ ವರ್ನ್ ಬಿಟ್ಟ ಬೈ ಹನ್ನೆರಡು. ಹೋದ ವರ್ಷ ಅರವತ್ತು ದಾಟಿತ್ತು. ಈ ವರ್ಷ ಕೂಡಿಸಿ ನೋಡುವುದನ್ನೇ ನಾನು ಬಿಟ್ಟಿದ್ದೆ. ಪುಸ್ತಕ ನನ್ನ ಮಡಿಲಲ್ಲೇ ಇತ್ತು, ಅದು ಏನು ಹೇಳುತ್ತಿದೆ ಎಂದೂ ಗೊತ್ತಿತ್ತು. ವಯಸ್ಸಾಯಿತು ಪಾಪ ಎಂದುಕೊಂಡು ಸುಮ್ಮನಿದ್ದೆ.

ಇಪ್ಪತ್ತೆರಡನೇ ಓವರಿನಲ್ಲಿ ಡಾರ್ಸಿಯ ಚೆಂಡೊಂದು ಪುಟಿದೆದ್ದು ವರ್ನ್‌ನ ದವಡೆಗೆ ಬಡಿಯಿತು. ಅವನ ಕೈಗಳು ಮೇಲೇಳಲೇ ಇಲ್ಲ. ತಲೆ ತಪ್ಪಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಚೆಂಡು ಬರುತ್ತಿರುವುದೇ ಗೊತ್ತಿಲ್ಲದವನ ಹಾಗೆ ಕುಕ್ಕರಗಾಲಿನಲ್ಲಿ ಕೂತಿದ್ದವನು ಹಿಂದಕ್ಕೆ ಬಿದ್ದ. ಡಾರ್ಸಿ ಓಡಿ ಹೋಗಿ ಅವನನ್ನು ಎತ್ತಿ ಕೂರಿಸಿದ. ಬಾಯಿಂದ ರಕ್ತ ಬರುತ್ತಿತ್ತು. ಡಾರ್ಸಿ ಅವನ ಮುಖವನ್ನೇ ನೋಡುತ್ತ ಬಹಳ ಹೊತ್ತು ಅಲ್ಲೇ ಮಂಡಿಯೂರಿ ಕೂತಿದ್ದ.

"ಬಿಡು, ಗ್ಲೌಸ್ ಬೇರೆಯವರಿಗೆ ಕೊಡು" ಎಂದ.

"ಯಾರಿಗೆ ಕೊಡ್ಲಿ? ಹತ್ತೇ ಜನ ಇದೀವಿ. ಹೋಗು, ಬೌಲ್ ಮಾಡು" ಎಂದು ವರ್ನ್ ರಕ್ತ ಉಗುಳಿ ಮತ್ತೆ ಕೂತ.

ಡಾರ್ಸಿ ಮಾಡಿದ. ಆದರೆ ಅಲ್ಲಿಂದ ಮುಂದೆ ಅವನು ಅರ್ಧ ವೇಗದಲ್ಲೇ ಹಾಕುತ್ತಿದ್ದ. ಡನ್‌ಮೋರ್‌ನವರು ಬಡಿದು ಬಡಿದು ಸುಸ್ತಾದರು. ನಾಲ್ಕು ವಿಕೆಟ್ಟಿಗೆ ಮುನ್ನೂರ ಹನ್ನೊಂದು. ಅದರಲ್ಲಿ ಬೈ ನಲವತ್ತೇಳು.

ಚಹಾದ ವೇಳೆಗೆ ಎಲ್ಲರೂ ತಗಡಿನ ಶೆಡ್ಡಿಗೆ ಬಂದರು. ಮೇಜಿನ ಮೇಲೆ ಸ್ಯಾಂಡ್‌ವಿಚ್, ತೆಂಗಿನ ತುರಿ ಹಚ್ಚಿದ ಚಾಕೊಲೇಟ್ ಕೇಕು. ಯಾರೂ ಮುಟ್ಟಲಿಲ್ಲ. ವರ್ನ್ ಐಸ್ ಕಟ್ಟಿದ ಬಟ್ಟೆಯನ್ನು ದವಡೆಗೊತ್ತಿಕೊಂಡು ಶೆಡ್ಡಿನ ಹಿಂದೆ ನೀರಿನ ತೊಟ್ಟಿಯ ನೆರಳಲ್ಲಿ ಕೂತಿದ್ದ. ನಾನು ಚಹಾ ಒಯ್ದಾಗ ಡಾರ್ಸಿ ಆಗಲೇ ಅಲ್ಲಿದ್ದ. ಅವನ ಒಂದು ಕೈ ವರ್ನ್‌ನ ಮುಖದೆದುರು ಚಾಚಿಕೊಂಡಿತ್ತು.

"ಎಷ್ಟು ಬೆರಳು, ಹೇಳು."

"ಮಕ್ಕಳಾಟ ಬೇಡ ಕಣೋ."

"ಎಷ್ಟು ಅಂತ ಹೇಳು ವರ್ನ್. ಇಷ್ಟೇ ಕೇಳ್ತಿರೋದು."

ವರ್ನ್ ಆ ಕೈಯನ್ನು ತಳ್ಳಿದ. "ಧೂಳು. ಬಿಸಿಲಿನ ಝಳ. ನಿನಗೂ ಅರವತ್ತೊಂದಾಗ್ಲಿ, ಆಗ ಗೊತ್ತಾಗತ್ತೆ."

"ನನ್ನ ಮಕ್ಕಳು ನಿನ್ನ ಬಸ್ಸಲ್ಲಿ ಹೋಗ್ತಾರೆ." ಡಾರ್ಸಿಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು. "ದಿನಾ ಎರಡು ಸಲ."

ನಾನು ಚಹಾದ ಲೋಟವನ್ನು ವರ್ನ್‌ನ ಎದುರು ಹಿಡಿದೆ. ಅವನು ಕುತ್ತಿಗೆ ಓರೆ ಮಾಡಿ, ಕೋಳಿ ಕಾಳು ನೋಡುವಂತೆ ಪಕ್ಕದಿಂದ ನೋಡಿ, ಲೋಟ ತೆಗೆದುಕೊಂಡ. ಕೆಲವು ತಿಂಗಳಿಂದ ಅಂಚೆ ಕಚೇರಿಯಲ್ಲೂ ಅವನು ಹಾಗೇ ನೋಡುತ್ತಿದ್ದ. ಕುತ್ತಿಗೆ ಉಳುಕಿರಬೇಕು ಎಂದುಕೊಂಡಿದ್ದೆ.

ನಮ್ಮವರ ಬ್ಯಾಟಿಂಗ್ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೇಕರಿಯವನು ಸೊನ್ನೆ. ಮೇಷ್ಟ್ರು ಸೊನ್ನೆ. ಒಬ್ಬ ಓಡುವಾಗ ಕಾಲು ತಪ್ಪಿ ಬಿದ್ದು ಔಟಾದ. ಹನ್ನೆರಡು ಓವರಿನಲ್ಲಿ ಇಪ್ಪತ್ತೊಂಬತ್ತು ರನ್ನಿಗೆ ಎಂಟು ವಿಕೆಟ್. ಉಳಿದವನು ವರ್ನ್ ಒಬ್ಬನೇ. ಆ ತುದಿಯಲ್ಲಿ ಡಾರ್ಸಿ ಇದ್ದ.

ವರ್ನ್ ಪ್ಯಾಡ್ ಕಟ್ಟಿಕೊಂಡು ಎದ್ದ. ನಾನು ಹೇಳಿದೆ, "ಹೋಗ್ಬೇಡ ವರ್ನ್. ಗಾಯ ಆಗಿದೆ ಅಂತ ಬರ್ಕೋತೀನಿ. ಯಾರೂ ಏನೂ ಅನ್ನಲ್ಲ."

"ಹೋಗ್ದಿದ್ರೆ ಅವನು ಹೇಳಿದ್ದೇ ನಿಜ ಆಗತ್ತೆ, ನೋಲಾ" ಎಂದ. ಹೋದ.

ಡನ್‌ಮೋರ್‌ನ ಬೌಲರ್ ಇಪ್ಪತ್ತರ ಹುಡುಗ, ಜೋರು. ಡಾರ್ಸಿ ಅವನ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಹುಡುಗ ತಲೆಯಾಡಿಸಿದ. ನಾಲ್ಕು ಹೆಜ್ಜೆ ನಡೆದು ಬಂದು, ಅಂಗಳದಲ್ಲಿ ಮಗುವಿಗೆ ಎಸೆಯುವ ಹಾಗೆ ಚೆಂಡನ್ನು ಮೇಲಕ್ಕೆ ಎಸೆದ. ಅದು ಎರಡು ಸಲ ಪುಟಿದು ವರ್ನ್‌ನ ಪ್ಯಾಡಿಗೆ ತಗುಲಿ ನಿಂತಿತು.

ವರ್ನ್‌ಗೆ ಚೆಂಡು ಕಾಣದಿದ್ದರೂ ಆ ಕರುಣೆ ಕಂಡಿತು. "ಏಯ್!" ಎಂದು ಕಿರುಚಿದ. "ನಾನೇನು ಭಿಕ್ಷೆಗೆ ಬಂದಿದೀನಾ? ಸರಿಯಾದ್ದು ಹಾಕು!"

ಹುಡುಗ ತನ್ನ ನಾಯಕನ ಮುಖ ನೋಡಿದ. ನಾಯಕ ನೆಲ ನೋಡಿದ. ಹುಡುಗ ಹಿಂದಕ್ಕೆ ಹೋಗಿ, ಓಡಿ ಬಂದು, ಸರಿಯಾದ್ದನ್ನೇ ಹಾಕಿದ. ಸ್ಟಂಪು ಚಿಟಕ್ಕನೆ ಹಾರಿ ಬಿದ್ದ ಸದ್ದು ನನ್ನ ಮೇಜಿನವರೆಗೂ ಕೇಳಿಸಿತು. ಆ ಸದ್ದಾದ ಮೇಲೆ ವರ್ನ್ ಬ್ಯಾಟ್ ಬೀಸಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನೂರ ಎಂಬತ್ತೆರಡು ರನ್ನಿನಿಂದ ಸೋತಿದ್ದೆವು. ಗೆದ್ದವರು ಬಿಯರ್ ಕುಡಿಯಲೂ ನಿಲ್ಲದೆ ಕಾರು ಹತ್ತಿ ಹೋದರು.

ಭಾನುವಾರ ನಾನು ವರ್ನ್‌ನ ಮನೆಗೆ ಹೋದೆ. ಬಾಗಿಲಿಗೆ ಬಂದವಳು ಮಾರ್ಗ್. ತೆಳ್ಳಗೆ, ಹಳದಿಗಟ್ಟಿದ ಮುಖ. "ಮಲಗಿದಾನೆ ಕಣೇ, ದವಡೆ ಊದಿದೆ. ನೀವೆಲ್ಲ ಅವನನ್ನ ಇನ್ನೂ ಹುಡುಗ ಅಂದ್ಕೊಂಡಿದೀರಾ?" ಎಂದು ನಕ್ಕಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ. ಶಾಲೆಯ ಹೆಡ್ ಮೇಷ್ಟ್ರಿಗೆ ಫೋನ್ ಮಾಡಲು ಮೂರು ಸಲ ರಿಸೀವರ್ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟೆ. ವರ್ನ್ ತಾನೇ ಹೇಳುತ್ತಾನೆ, ಮುಚ್ಚಿಡುವವನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅವನು ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ನಾನು ಅಂಚೆ ಕಚೇರಿಯ ಬೀಗ ತೆಗೆಯುವಾಗ ಎದುರಿನ ಪೆಟ್ರೋಲ್ ಬಂಕಿನ ಹಿಂದಿನ ಶೆಡ್ಡಿನಿಂದ ಬಸ್ಸಿನ ಹಾರ್ನ್ ಒಂದೇ ಸಮನೆ ಕೇಳಿಸಿತು. ಓಡಿ ಹೋದೆ. ಡಾರ್ಸಿ ತನ್ನ ಗಾಡಿಯನ್ನು ಶೆಡ್ಡಿನ ಬಾಗಿಲಿಗೆ ಅಡ್ಡ ನಿಲ್ಲಿಸಿ ಕೈಕಟ್ಟಿ ನಿಂತಿದ್ದ. ಒಳಗೆ ಬಸ್ಸಿನಲ್ಲಿ ವರ್ನ್, ಇಸ್ತ್ರಿ ಹಾಕಿದ ಅಂಗಿ, ಹಾರ್ನಿನ ಮೇಲೆ ಅಂಗೈ.

"ಮಾತಾಡ್ಸು ಅವನನ್ನ," ಎಂದ ಡಾರ್ಸಿ. ಅವನ ಕಣ್ಣು ಕೆಂಪಾಗಿತ್ತು. "ನನ್ನ ಮಾತು ಕೇಳಲ್ಲ ಅವನು. ಪೊಲೀಸ್ ಕರೆಯೋಕೆ ಕೈ ಬರ್ತಿಲ್ಲ ನೋಲಾ. ನನಗೆ ಬೌಲಿಂಗ್ ಕಲಿಸಿದವನು."

ನಾನು ಬಸ್ಸು ಹತ್ತಿ ಮೊದಲ ಸೀಟಿನಲ್ಲಿ ಕೂತೆ. ಹಾರ್ನ್ ನಿಂತಿತು.

"ಯಾವಾಗಿಂದ, ವರ್ನ್?"

ಅವನು ಗಾಜಿನಾಚೆ ನೋಡುತ್ತಲೇ ಹೇಳಿದ. "ಆಗಸ್ಟಲ್ಲೇ ಕಣ್ಣಿನ ಡಾಕ್ಟ್ರು ಹೇಳಿದ್ರು. ನಮ್ಮನ್ನ ಯಾರೂ ಗುರುತು ಹಿಡಿಯದ ಊರಿಗೆ ಹೋಗಿ ತೋರಿಸ್ಕೊಂಡೆ. ಗಾಡಿ ಓಡಿಸೋದು ನಿಲ್ಲಿಸು ಅಂದ್ರು. ಸುತ್ತ ಎಲ್ಲ ಕಾಣತ್ತೆ ಕಣೇ. ನಡುವೆ ಮಾತ್ರ ಇಲ್ಲ. ಯಾರೋ ಹೆಬ್ಬೆರಳು ಒತ್ತಿ ಒರೆಸಿದ ಹಾಗೆ."

"ಹಾಗಾದ್ರೆ ಹೇಗೋ ಓಡಿಸ್ತಿದ್ದೆ?"

"ರಸ್ತೆ ಪಕ್ಕದ ಬಿಳಿ ಗೆರೆ ಕಾಣತ್ತಲ್ಲ. ಅದನ್ನ ಹಿಡ್ಕೊಂಡು ಹೋಗ್ತಿದ್ದೆ. ನಿಧಾನಕ್ಕೆ. ದಾರಿ ಎಲ್ಲಾ ಬಾಯಿಪಾಠ."

ನಾನು ಹಿಂದಿನ ಖಾಲಿ ಸೀಟುಗಳತ್ತ ತಿರುಗಿ ನೋಡಿದೆ. ಆ ಬಸ್ಸಿನಲ್ಲಿ ಇಪ್ಪತ್ತಮೂರು ಮಕ್ಕಳು. "ರಸ್ತೆ ಮಧ್ಯೆ ಮಗು ನಿಂತಿದ್ರೆ?"

ಅವನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡ. "ನಾನು ನಿಲ್ಲಿಸಿದ್ರೆ ಮಾರ್ಗ್‌ನ ಯಾರು ಕರ್ಕೊಂಡು ಹೋಗ್ತಾರೆ? ವಾರಕ್ಕೆ ಮೂರು ದಿನ. ಒಂದು ವಾರ ಎಲ್ಲರೂ ಬರ್ತಾರೆ. ಒಂದು ತಿಂಗಳೂ ಬರಬಹುದು. ಆಮೇಲೆ? ಹೇಳು. ಒಂದು ವಾರ ಹೋಗದಿದ್ರೆ ಸಾಯ್ತಾಳೆ ನೋಲಾ. ಇಪ್ಪತ್ತಮೂರು ಮಕ್ಕಳೋ ಅವಳೋ ಅಂತ ದಿನಾ ಬೆಳಿಗ್ಗೆ ಕೇಳ್ಕೊಂಡಿದೀನಿ. ದಿನಾ ಕೀಲಿ ತಿರುಗಿಸಿದೀನಿ. ನಾನು ಎಂಥ ಮನುಷ್ಯ ಅಂತ ನಂಗೆ ಗೊತ್ತಾಗಿದೆ."

ಪುಸ್ತಕದಲ್ಲಿ ಬೈ ಬರೆದು ಬರೆದು ಬಾಯಿ ಮುಚ್ಚಿಕೊಂಡಿದ್ದವಳು ನಾನು. ನಾನು ಕೈ ಚಾಚಿದೆ. ಅವನು ಕೀಲಿ ಕಿತ್ತು ನನ್ನ ಕೈಗೆ ಹಾಕಿದ. ಆಮೇಲೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತ. ಅರವತ್ತೊಂದರ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ದಿನ ಮಕ್ಕಳನ್ನು ತಂದೆತಾಯಿಗಳೇ ಶಾಲೆಗೆ ಬಿಟ್ಟರು. ಮಾರ್ಗ್‌ಳನ್ನು ಡಯಾಲಿಸಿಸ್‌ಗೆ ಕರೆದೊಯ್ದವನು ಡಾರ್ಸಿ. ವರ್ನ್ ಹಿಂದಿನ ಸೀಟಿನಲ್ಲಿ ಕೂತ. ಹೋಗುವಾಗ ಎಪ್ಪತ್ತು ಕಿಲೋಮೀಟರ್, ಬರುವಾಗ ಎಪ್ಪತ್ತು, ಡಾರ್ಸಿ ಮತ್ತು ವರ್ನ್ ನಡುವೆ ಒಂದು ಮಾತಿಲ್ಲವಂತೆ.

ವರ್ನ್ ಹೇಳಿದ್ದು ಸುಳ್ಳಾಗಲಿಲ್ಲ. ಅಂಚೆ ಕಚೇರಿಯ ಗೋಡೆಗೆ ನಾನೊಂದು ಪಟ್ಟಿ ಅಂಟಿಸಿದೆ, ಮಾರ್ಗ್‌ಳನ್ನು ಯಾವ ದಿನ ಯಾರು ಕರೆದೊಯ್ಯುತ್ತಾರೆ ಎಂದು. ಮೊದಲ ತಿಂಗಳು ಹೆಸರು ಬರೆಯಲು ಜಾಗವಿರಲಿಲ್ಲ. ನವೆಂಬರಿನ ಗೋಧಿ ಕೊಯ್ಲಿನ ಹೊತ್ತಿಗೆ ಉಳಿದ ಹೆಸರು ಮೂರು: ಡಾರ್ಸಿ, ಮೇಷ್ಟ್ರು, ನಾನು. ಡಿಸೆಂಬರಿನ ಒಂದು ಬುಧವಾರ ಮೂವರಿಗೂ ಆಗಲಿಲ್ಲ. ಮಾರ್ಗ್‌ಳನ್ನು ಆಂಬುಲೆನ್ಸಿನಲ್ಲಿ ಸಾಗಿಸಬೇಕಾಯಿತು. ಉಸಿರಾಟಕ್ಕೆ ಒದ್ದಾಡುತ್ತಿದ್ದಳು, ಬದುಕಿದಳು. ವಾರದೊಳಗೆ ವರ್ನ್ ಮನೆ ಮಾರಲು ಹೇಳಿ, ಆ ದೊಡ್ಡ ಊರಿನಲ್ಲಿ, ಆಸ್ಪತ್ರೆಯ ಬೀದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದ.

ಶುಕ್ರವಾರ ಫೋನ್ ಮಾಡುವವರು ಯಾರೂ ಉಳಿಯಲಿಲ್ಲ. ಆ ಬೇಸಿಗೆ ಯಾರಂಬುಲ್‌ಗೆ ತಂಡವಿರಲಿಲ್ಲ.

ಹೋದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಆಸ್ಪತ್ರೆಗೆ ಹೊರಟಿದ್ದರು. ವರ್ನ್ ಮಾರ್ಗ್‌ಳ ಚೀಲ ಹೊತ್ತು ಗೋಡೆ ಸವರುತ್ತ ನಡೆಯುತ್ತಿದ್ದ. ನನ್ನ ದನಿ ಕೇಳಿ ನಿಂತ. "ನಾನೂರ ಹನ್ನೆರಡು ಹೆಜ್ಜೆ ಕಣೇ. ಇದಕ್ಕೆ ಲೈಸೆನ್ಸ್ ಬೇಡ" ಎಂದ. ಡಾರ್ಸಿ ಹೇಗಿದ್ದಾನೆ ಎಂದು ಕೇಳುತ್ತಾನೇನೋ ಎಂದು ಕಾದೆ. ಕೇಳಲಿಲ್ಲ. ತಿರುಗಿ ಹೊರಟವನು ಎದುರಿನ ಕಂಬಕ್ಕೆ ಭುಜ ತಾಗಿಸಿಕೊಂಡ. ಮಾರ್ಗ್ ಅವನ ತೋಳು ಹಿಡಿದು ಈಚೆಗೆಳೆದಳು. ಇಬ್ಬರೂ ಆಸ್ಪತ್ರೆಯ ಒಳಗೆ ಹೋದರು.