ಎತ್ತು ಹೂಡದ ಸೋಮವಾರ

ಪರದೆಯ ಮೇಲೆ ಸೋಮವಾರಗಳೆಲ್ಲ ಕೆಂಪಗಿದ್ದವು. ಉಳಿದ ದಿನಗಳು ಬೆಳ್ಳಗೆ, ಖಾಲಿ. ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ ನನಗೆ ಅದನ್ನು ನೋಡಿದ ಕೂಡಲೇ ನಗು ಬಂತು. ಆ ನಗು ಬಹಳ ದಿನ ಉಳಿಯಲಿಲ್ಲ.

ನನ್ನ ಕೆಲಸ ಏನೆಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ತಿಳಿಸಿ ಹೇಳಲು ನನಗೆ ಇವತ್ತಿಗೂ ಆಗಿಲ್ಲ. ಹಿಂದೆ ಹರಪನಹಳ್ಳಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ, ಅದು ಎಲ್ಲರಿಗೂ ಅರ್ಥವಾಗುತ್ತಿತ್ತು. ಈಗ ಪರದೇಶದ ಸಂಸ್ಥೆಗಳು ನಮ್ಮ ಕಡೆಯ ಹಳ್ಳಿಗಳಿಗೆ ಟ್ಯಾಬ್ ಕೊಟ್ಟು ಮಕ್ಕಳಿಗೆ ಕಲಿಸುವ ಯೋಜನೆ ಹಾಕಿಕೊಂಡಾಗ, ಅದು ನಡೆಯುತ್ತಿದೆಯೋ ಇಲ್ಲವೋ, ನಡೆಯದಿದ್ದರೆ ಏಕೆ ಎಂದು ನೋಡಿ ಬರೆದುಕೊಡುತ್ತೇನೆ. ಸಲಹೆಗಾರ್ತಿ ಎನ್ನುತ್ತಾರೆ. ನನ್ನ ಚಿಕ್ಕಮ್ಮನನ್ನು ಯಾರಾದರೂ ಕೇಳಿದರೆ, "ಅಕಿ ಮಂದಿ ಕೆಲಸಕ್ಕ ಹೆಸರಿಡ್ತಾಳ, ಅದಕ್ಕ ಪಗಾರ ಕೊಡ್ತಾರ" ಎಂದು ಹೇಳುತ್ತಾಳೆ. ಹೆಸರಿಡುವುದೆಂದರೆ ನಮ್ಮ ಕಡೆ ತಪ್ಪು ಹುಡುಕುವುದು, ಅದರಲ್ಲಿ ಸುಳ್ಳೇನೂ ಇಲ್ಲ.

ಈ ಸಲದ ಯೋಜನೆ ಕೂಡ್ಲಿಗಿ ತಾಲ್ಲೂಕಿನದು. ಏಳನೆಯದೋ ಎಂಟನೆಯದೋ ಮುಗಿಸಿ ಶಾಲೆ ಬಿಟ್ಟ ಹೆಣ್ಣುಮಕ್ಕಳು ಹತ್ತನೆಯ ಪರೀಕ್ಷೆಗೆ ಕೂರುವಂತೆ ಮಾಡಬೇಕು. ಊರಿಗೊಂದು ಕೋಣೆ, ಒಂದಷ್ಟು ಟ್ಯಾಬ್, ನೋಡಿಕೊಳ್ಳಲು ಅದೇ ಊರಿನಲ್ಲಿರುವ ಒಬ್ಬ ಕಲಿತ ಹೆಣ್ಣುಮಗಳು. ಅವಳನ್ನು ಟೀಚರ್ ಎನ್ನುತ್ತಿದ್ದರು. ಯಾವ ಹುಡುಗಿ ಯಾವ ಪಾಠವನ್ನು ಎಷ್ಟು ಹೊತ್ತು ನೋಡಿದಳು ಎಂಬುದೆಲ್ಲ ದೂರದ ದೇಶದ ಕಚೇರಿಯಲ್ಲಿ ಕೂತವರಿಗೆ ಕಾಣಿಸುತ್ತಿತ್ತು. ಗುಡೇಕೋಟೆಯ ಆಚೆಗಿನ ಒಂದೂರಿನಲ್ಲಿ ಮಾತ್ರ ವಾರವಿಡೀ ಯಾರೂ ಟ್ಯಾಬ್ ಮುಟ್ಟುತ್ತಿರಲಿಲ್ಲ. ಸೋಮವಾರ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಎಲ್ಲವೂ ಬಿಡುವಿಲ್ಲದೆ ಓಡುತ್ತಿದ್ದವು. ಇಂಥದ್ದು ಅನುಮಾನಕ್ಕೆ ಕಾರಣವೆಂದು ಯಂತ್ರವೇ ಕೆಂಪು ಬಳಿಯುತ್ತಿತ್ತು.

ಆ ಕಚೇರಿಯ ಅಧಿಕಾರಿ ನನಗಿಂತ ಬಹಳ ಕಿರಿಯ, ಮಾತು ಬಲು ಮೆತ್ತಗೆ. ವಿಡಿಯೋ ಮೀಟಿಂಗಿನಲ್ಲಿ ತನ್ನ ತೀರ್ಮಾನ ಹೇಳಿದ. ಟೀಚರ್ ವಾರಕ್ಕೊಮ್ಮೆ ತಾನೇ ಕೂತು ಎಲ್ಲ ಟ್ಯಾಬುಗಳನ್ನೂ ಒತ್ತುತ್ತಿದ್ದಾಳೆ, ಅಲ್ಲಿ ಹುಡುಗಿಯರೇ ಇಲ್ಲ, ಅವಳನ್ನು ತೆಗೆದುಹಾಕಬೇಕು, ವಂಚನೆ ಎಂದು ಬರೆದು ಊರಿನ ಪಂಚಾಯ್ತಿಗೂ ತಿಳಿಸಬೇಕು.

"ಅಲ್ಲಪ್ಪಾ, ಅದು ಬಸವಣ್ಣನ ವಾರ" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನೇ ಹೋಗಿ ನೋಡಿ ಬರೆಯುತ್ತೇನೆ, ಅಲ್ಲಿಯವರೆಗೆ ಏನೂ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ಇವರು. ಯಂತ್ರ ಕಳ್ಳಿ ಅಂದರೆ ಇವರಿಗೂ ಕಳ್ಳಿ. ಸಿಟ್ಟು ಬಂದಿತ್ತು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆಯಲ್ಲ ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಬಸವಣ್ಣ, ಸೋಮವಾರ ಅವನ ವಾರ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ನೆರಳಿಗೆ ಕಟ್ಟುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಇದು ಸಡಿಲಾಗಿದೆ. ಕುರುಚಲು ಗುಡ್ಡಗಳ ನಡುವಿನ ಕೆಲವು ಊರುಗಳಲ್ಲಿ ಇನ್ನೂ ಬಿಗಿ. ಅಲ್ಲಿ ಎತ್ತು ಹೂಡದ ದಿನ ಹೊಲದಲ್ಲಿ ಕಳೆ ಕೀಳುವುದಕ್ಕೂ ಹಿರಿಯರು ಬಿಡುವುದಿಲ್ಲ. ಬೇರೆ ದಿನಗಳಲ್ಲಿ ಬಿತ್ತುವಾಗ ಕೂರಿಗೆಯ ಹಿಂದೆ ಬೀಜ ಬಿಡಲು, ಕಳೆ ತೆಗೆಯಲು, ಶೇಂಗಾ ಬಿಡಿಸಲು ಹೋಗುವ ಹುಡುಗಿಯರು ಸೋಮವಾರ ಊರಲ್ಲೇ ಇರುತ್ತಾರೆ. ಇಷ್ಟೇ ಕಥೆ. ಇದನ್ನು ನಾಲ್ಕು ಸಾಲು ಬರೆದರೆ ಆ ಟೀಚರ್ ಬಚಾವಾಗುತ್ತಾಳೆ ಎಂದುಕೊಂಡು ಮುಂದಿನ ಸೋಮವಾರವೇ ಕೂಡ್ಲಿಗಿಯ ಬಸ್ಸು ಹತ್ತಿದೆ.

ಕೂಡ್ಲಿಗಿಯಿಂದ ಮುಂದೆ ಒಂದು ಆಟೋ ಮಾಡಿಕೊಂಡು ಹೋದೆ. ಊರೊಳಗೆ ಕಾಲಿಟ್ಟಾಗ ಬೇವಿನ ಮರದ ಕೆಳಗೆ ಎತ್ತುಗಳು ಮೆಲುಕು ಹಾಕುತ್ತ ಮಲಗಿದ್ದವು, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು. ಹಳೆಯ ಶಾಲೆಯ ಕೋಣೆಯೊಂದರಲ್ಲಿ ಚಾಪೆ ಹಾಸಿಕೊಂಡು ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಟ್ಯಾಬುಗಳು ಎಲ್ಲರಿಗೂ ಸಾಲದೆ, ಒಂದೊಂದರ ಸುತ್ತ ಮೂರು ತಲೆ. ಬಾಗಿಲ ಪಕ್ಕದಲ್ಲಿ ಕೂತಿದ್ದವಳೊಬ್ಬಳು ಬೆರಳಿನ ಗೆಣ್ಣಿನಿಂದ ಪರದೆ ಒತ್ತುತ್ತಿದ್ದಳು. ಯಾಕವ್ವ ಹಂಗ ಒತ್ತುತ್ತೀ ಎಂದು ಕೇಳಿದೆ.

"ಬೆರಳು ಒಡದಾವರಿ. ತುದಿಯಿಂದ ಒತ್ತಿದ್ರ ಅದಕ್ಕ ತಿಳಿಯಂಗಿಲ್ಲ" ಎಂದಳು. ಹುಣಸೆಹಣ್ಣು ಬಿಡಿಸಿ ಬಿಡಿಸಿ ಅವಳ ಉಗುರ ಸಂದುಗಳೆಲ್ಲ ಕಪ್ಪಾಗಿದ್ದವು. ಗಣಿತದಲ್ಲಿ ಎಲ್ಲರಿಗಿಂತ ಮುಂದಿರುವವಳು ಇವಳೇ, ಬರುವ ಪರೀಕ್ಷೆಗೆ ಕೂರುತ್ತಾಳೆ ಎಂದು ಟೀಚರ್ ಹೇಳಿದಳು. ಟೀಚರಳ ಮುಖದಲ್ಲಿ ಆ ಹೊತ್ತು ಇದ್ದ ಹಿಗ್ಗನ್ನು ನಾನು ಮತ್ತೆ ನೋಡಲಿಲ್ಲ.

ಟೀಚರ್ ಎಂದರೆ ಹರಪನಹಳ್ಳಿಯಲ್ಲಿ ಬಿ.ಎ. ಮಾಡಿ ಆ ಊರಿಗೆ ಸೊಸೆಯಾಗಿ ಬಂದ ಚಿಕ್ಕ ವಯಸ್ಸಿನ ಹೆಣ್ಣು. ಹುಡುಗಿಯರು ಊಟಕ್ಕೆ ಎದ್ದಾಗ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಕೂಡ್ಲಿಗ್ಯಾಗಿರೋ ಯೋಜನೆ ಆಫೀಸಿನವರು ಫೋನ್ ಮಾಡಿದ್ರು ಮೇಡಂ. ಸುಳ್ಳು ತೋರಿಸಿ ಪಗಾರ ತಿಂತೀಯಂತಲ್ಲ ಅಂದ್ರು. ನಾ ಸ್ಪೀಕರ್ ಹಾಕಿದ್ದೆ, ಮನ್ಯಾಗ ಎಲ್ಲಾರು ಕೇಳಿಸ್ಕಂಡಾರ. ಅವತ್ತಿಂದ ನಮ್ಮ ಮಾವನೋರು ನನ್ ಕೂಡ ಮಾತು ಬಿಟ್ಟಾರ್ರಿ."

"ಹೆದರಬ್ಯಾಡ ತಂಗಿ" ಎಂದೆ. "ಕಣ್ಣಾರೆ ನೋಡೀನಿ. ಸೋಮವಾರನ ಯಾಕ ಬರ್ತಾರ ಅಂತ ಬರದು ಕಳಿಸ್ತೀನಿ, ಮುಗೀತು."

"ಯಾಕ ಅಂತ ಬರೀತೀರಿ?"

"ಸೋಮವಾರ ಹೊಲದ ಕೆಲಸ ಇರಂಗಿಲ್ಲ, ಅದಕ್ಕ ಬರ್ತಾರ ಅಂತ."

ಹೇಳುತ್ತ ಹೇಳುತ್ತಲೇ ನನ್ನ ಮಾತು ನನಗೆ ಕೇಳಿಸಿತು. ಸೋಮವಾರ ಹೊಲದ ಕೆಲಸ ಇಲ್ಲವೆಂದರೆ ಉಳಿದ ದಿನ ಇದೆ ಎಂದಾಯಿತು. ಹದಿನೆಂಟು ತುಂಬದ ಹುಡುಗಿಯರು ಕಲಿಕೆಯ ಹೊತ್ತಿನಲ್ಲಿ ದುಡಿಯಲು ಹೋಗಬಾರದು, ಹೋಗುವುದು ಗೊತ್ತಾದರೆ ಆ ಕೇಂದ್ರ ನಿಲ್ಲಿಸಬೇಕು ಎಂಬುದು ಆ ಸಂಸ್ಥೆಯ ನಿಯಮ. ಟೀಚರ್ ಅದಕ್ಕೆ ಸಹಿ ಹಾಕಿದ್ದಳು, ನಾನೂ ಹಾಕಿದ್ದೆ. ನಿಯಮ ಕೆಟ್ಟದ್ದೇನಲ್ಲ. ಮಕ್ಕಳನ್ನು ಕಾಯಲೆಂದೇ ಮಾಡಿದ್ದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ನನಗಿಂತ ಮೊದಲೇ ಇದು ಹೊಳೆದಿತ್ತೆಂದು ಕಾಣುತ್ತದೆ. ಬರೆಯದಿದ್ದರೆ ಅವಳು ಕಳ್ಳಿ, ಬರೆದರೆ ಕೋಣೆಗೆ ಬೀಗ. ಅತ್ತ ದರಿ ಇತ್ತ ಪುಲಿ ಎಂದು ಮಾತಿಗೆ ಹೇಳುತ್ತಿದ್ದೆ, ಅವತ್ತು ಅವೆರಡರ ನಡುವೆಯೇ ನಿಂತಿದ್ದೆ.

"ನನ್ ಹೆಸರು ಉಳಸ್ರಿ ಮೇಡಂ" ಎಂದಳು. "ಸುಳ್ಳಿ ಅನಿಸ್ಕಂಡು ಈ ಊರಾಗ ಬಾಳೇ ಮಾಡಾಕ ಆಗಂಗಿಲ್ಲ. ಆದ್ರ ಸೋಮವಾರ ನಿಲ್ಲಬಾರದು ನೋಡ್ರಿ."

ಗೆಣ್ಣಿನಿಂದ ಒತ್ತುತ್ತಿದ್ದ ಹುಡುಗಿ ಊಟ ಮುಗಿಸಿ ಬಂದು ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ನಾವು ಕೆಲಸಕ್ಕ ಹೋಗ್ತೀವಿ ಅಂತ ಅವರಿಗೆ ಗೊತ್ತಿಲ್ಲೇನ್ರಿ?" ಎಂದು ಕೇಳಿದಳು. "ಸಾಲಿ ಬಿಟ್ಟ ಹುಡಿಗ್ಯಾರಿಗೆ ಅಂತನ ಇದನ್ನ ಕೊಟ್ಟಾರ. ಸಾಲಿ ಬಿಟ್ಟು ನಾವು ಏನ್ ಮಾಡ್ತೀವಿ ಅಂತ ತಿಳ್ಕಂಡಿದ್ರು?"

ವಾದಕ್ಕೆಂದು ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದಳು. ಅವಳು ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು.

ಕೊಟ್ಟೂರಿಗೆ ಬಂದು ಬರೆಯಲು ಕೂತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಷ್ಟು ಸಲ ಬರೆದೆನೋ, ಎಷ್ಟು ಸಲ ಅಳಿಸಿದೆನೋ. ಚಿಕ್ಕಮ್ಮ ಚಹಾ ತಂದಿಟ್ಟು, "ಏನವ್ವ, ಇವತ್ತ ಹೆಸರಿಡಾಕ ಏನೂ ಸಿಗವಲ್ದೇನು?" ಎಂದಳು. ಅವಳ ಮೇಲೆ ರೇಗಿದೆ, ಆಮೇಲೆ ಬೇಜಾರಾಯಿತು. ಕಡೆಗೆ ಹೊಲದ ಮಾತೇ ಎತ್ತದೆ, ಸೋಮವಾರ ಈ ಭಾಗದಲ್ಲಿ ಎತ್ತುಗಳಿಗೆ ವಿಶ್ರಾಂತಿಯ ದಿನ, ಊರೆಲ್ಲ ಬಿಡುವಾಗಿರುತ್ತದೆ, ಆದ್ದರಿಂದ ಹುಡುಗಿಯರು ಆ ದಿನವೇ ಸೇರುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಕಳಿಸಿದೆ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ.

ಅಧಿಕಾರಿ ಮತ್ತೆ ವಿಡಿಯೋದಲ್ಲಿ ಕರೆದ. ಎತ್ತುಗಳಿಗೆ ವಾರದ ರಜೆ ಕೊಡುವ ಸಂಪ್ರದಾಯ ಅವನಿಗೆ ಬಹಳ ಇಷ್ಟವಾಗಿತ್ತು. ಅದನ್ನು ತನ್ನ ಕಚೇರಿಯವರಿಗೆಲ್ಲ ಹೇಳಿದೆನೆಂದ. ಆಮೇಲೆ, ಒಂದೇ ಒಂದು ಸಂದೇಹ, ಬೇರೆ ದಿನ ಈ ಹುಡುಗಿಯರು ಏನು ಮಾಡುತ್ತಾರೆ ಎಂದು ಕೇಳಿದ.

ಮನೆಯಲ್ಲಿರುತ್ತಾರೆ ಎಂದೆ.

ಮನೆಯಲ್ಲೇ ಇದ್ದರೆ ಪಕ್ಕದ ಕೋಣೆಗೆ ಬರಲು ಏನು ಅಡ್ಡಿ, ಎಂದು ಅವನು ಅಷ್ಟೇ ಮೆತ್ತಗೆ ಕೇಳಿದ. ಹಾಗಾದರೆ ಟೀಚರ್ ಬೇರೆ ದಿನ ಬಾಗಿಲು ತೆಗೆಯುತ್ತಿಲ್ಲ ಎಂದಾಯಿತಲ್ಲ, ಪಗಾರ ಮಾತ್ರ ಎಲ್ಲ ದಿನಕ್ಕೂ ತೆಗೆದುಕೊಳ್ಳುತ್ತಿದ್ದಾಳಲ್ಲ ಎಂದ.

ನನ್ನ ಸುಳ್ಳು ತಿರುಗಿ ಅವಳ ಕೊರಳಿಗೇ ಬಿತ್ತು. ಅವಳು ದಿನಾ ಬಾಗಿಲು ತೆಗೆದು, ಕಸ ಗುಡಿಸಿ, ಯಾರಾದರೂ ಬಂದಾರೆಂದು ಸಂಜೆಯವರೆಗೆ ಕಾದು ಕೂರುವುದನ್ನು ಆ ಊರಿನವರೇ ನನಗೆ ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. ಹೊಲಕ್ಕೆ ಹೋಗುತ್ತಾರೆ ಎಂದೆ. ಹುಣಸೆಹಣ್ಣು ಬಿಡಿಸುತ್ತಾರೆ, ಶೇಂಗಾ ಬಿಡಿಸುತ್ತಾರೆ. ನಿಮ್ಮ ಯೋಜನೆಯ ಮೊದಲ ಪುಟದಲ್ಲೇ ಶಾಲೆ ಬಿಟ್ಟವರು ಎಂದು ಬರೆದಿದ್ದೀರಿ, ಶಾಲೆ ಬಿಟ್ಟವರು ಏನು ಮಾಡುತ್ತಾರೆ ಎಂದುಕೊಂಡಿದ್ದಿರಿ? ಆ ಹುಡುಗಿಯ ಪ್ರಶ್ನೆಯನ್ನೇ ಅವನ ಮುಂದೆ ಇಟ್ಟೆ. ಅದೊಂದು ದಿನ ಅವರ ಪಾಲಿಗೆ ಉಳಿದಿದೆ, ಅದನ್ನು ಕಿತ್ತುಕೊಳ್ಳಬೇಡಿ ಎಂದು ಬೇಡಿಕೊಂಡೆ.

ಅವನು ಕೆಟ್ಟವನಲ್ಲ. ಮುಖ ಸಣ್ಣದಾಗಿತ್ತು. ನೀವು ಹೇಳುವುದು ನನಗೆ ಅರ್ಥವಾಗುತ್ತದೆ, ಆದರೆ ಈಗ ನನಗೆ ಗೊತ್ತಾಗಿಬಿಟ್ಟಿದೆ, ಗೊತ್ತಾದ ಮೇಲೆ ಗೊತ್ತಿಲ್ಲದವನಂತೆ ಇರಲು ನಮ್ಮ ನಿಯಮದಲ್ಲಿ ಜಾಗವಿಲ್ಲ ಎಂದ.

ಟೀಚರಳ ಮೇಲೆ ಯಾವ ತಪ್ಪೂ ಇಲ್ಲ ಎಂದು ಪಂಚಾಯ್ತಿಗೆ ತಿಳಿಸಿದರು. ಅವಳ ಮಾವ ಮಾತಾಡಿಸಿದರಂತೆ. ಅದರ ಹಿಂದೆಯೇ ಹುಡುಗಿಯರ ಸುರಕ್ಷತೆಯ ಕಾರಣಕ್ಕೆ ಕೇಂದ್ರವನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ ಎಂಬ ಸುದ್ದಿಯೂ ಹೋಯಿತು. ಒಂದು ಜೀಪು ಬಂದು ಟ್ಯಾಬುಗಳನ್ನು ತುಂಬಿಕೊಂಡು ಹೋಯಿತು. ಬುಧವಾರ ಬಂದಿದ್ದರಿಂದ ಹುಡುಗಿಯರು ಯಾರೂ ಊರಲ್ಲಿರಲಿಲ್ಲ. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ನಾನು ಎಷ್ಟು ಸಲ ಬರೆದು ಕೇಳಿದರೂ, ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಹತ್ತನೆಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಕಡೆಯ ದಿನ ಮುಗಿದುಹೋಯಿತು.

ಮನಸ್ಸು ತಡೆಯದೆ ಮತ್ತೊಂದು ಸೋಮವಾರ ನಸುಕಿನ ಬಸ್ಸಿಗೇ ಆ ಊರಿಗೆ ಹೋದೆ. ನನ್ನನ್ನು ಯಾರೂ ಕಳಿಸಿರಲಿಲ್ಲ. ಶಾಲೆಯ ಕೋಣೆಗೆ ಬೀಗ ಬಿದ್ದಿತ್ತು. ಟೀಚರ್ ಮನೆಯಿಂದ ಬಂದು ಅದೇ ಕಟ್ಟೆಯ ಮೇಲೆ ಕೂತಳು. ನಾನು ಕ್ಷಮೆಯ ಮಾತು ತೆಗೆಯುವಷ್ಟರಲ್ಲಿ, "ನೀವೇನ್ ಮಾಡ್ತೀರಿ ಬಿಡ್ರಿ ಮೇಡಂ, ಚಹಾ ಕುಡೀರಿ" ಎಂದಳು.

ಅಷ್ಟರಲ್ಲಿ ಕೂಡ್ಲಿಗಿ ಕಡೆಯಿಂದ ಗೂಡ್ಸ್ ಗಾಡಿಯೊಂದು ಬಂದು ಬೇವಿನ ಮರದ ಹತ್ತಿರ ನಿಂತಿತು. ಹುಡುಗಿಯರು ಊಟದ ಗಂಟು ಹಿಡಿದು ಹತ್ತತೊಡಗಿದರು. ದೂರದ ಯಾವುದೋ ತೋಟದಲ್ಲಿ ಉಳ್ಳಾಗಡ್ಡಿ ಕೀಳುವ ಕೆಲಸವಂತೆ. ಅಲ್ಲಿ ಎಲ್ಲ ಟ್ರ್ಯಾಕ್ಟರ್, ಸೋಮವಾರ ಮಂಗಳವಾರ ಎಂಬುದಿಲ್ಲ. ಹಿರಿಯರು ಬೇಡ ಅನ್ನಲಿಲ್ಲವೇ ಎಂದು ಕೇಳಿದೆ.

"ನಮ್ಮ ಹೊಲ ಅಲ್ಲ, ನಮ್ಮ ಎತ್ತು ಅಲ್ಲ, ದೋಷ ಇಲ್ಲ ಅಂದ್ರು" ಎಂದಳು ಟೀಚರ್. "ಮೊದಲೂ ಕರಿಯಾಕ ಬರ್ತಿದ್ರು. ಅವತ್ತ ಕ್ಲಾಸ್ ಐತಿ ಅಂತ ಹುಡಿಗ್ಯಾರು ಹಟ ಹಿಡದು ಹೋಗ್ತಿರಲಿಲ್ಲ. ಈಗ ಏನಂತ ಹಟ ಹಿಡೀತಾರ?"

ಗಾಡಿಯ ಮೇಲಿಂದ ಆ ಹುಡುಗಿ ನನ್ನ ಗುರುತು ಹಿಡಿದಳು. ಕೆಳಗೆ ಇಳಿಯಲಿಲ್ಲ. "ಟ್ಯಾಬ್ ತಂದೀರೇನ್ರಿ?" ಎಂದು ಅಲ್ಲಿಂದಲೇ ಕೇಳಿದಳು. ಇಲ್ಲವ್ವ ಎಂದೆ. ಅವಳು ತಲೆಯಾಡಿಸಿ, ಪಕ್ಕದವಳಿಗೆ ಸರಿದು ಜಾಗ ಮಾಡಿಕೊಟ್ಟಳು. ಗಾಡಿ ಹೊರಟಿತು.

ಬೇವಿನ ಮರದ ಕೆಳಗೆ ಎತ್ತುಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದವು. ಟೀಚರ್ ಅವುಗಳ ಕಡೆ ನೋಡಿದಳು.

"ಈಗ ಸೋಮವಾರ ಅವಕ್ಕಷ್ಟ ರಜ ಐತ್ರಿ" ಎಂದಳು.