ಗುಂಡಿ ಎಣಿಸುತ್ತಿದ್ದ ವಿಮರ್ಶಕ

ಮೆಟ್ಟಿಲ ಕೆಳಗಿನ ಆ ಟೈಲರ್ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ದರ್ಜಿ ಆಕಳಿಸಬೇಕಾದರೆ ಅವನ ಹೆಂಡತಿ ಎದ್ದು ಹೊರಗೆ ನಿಲ್ಲಬೇಕಿತ್ತು. ಅವನು ಕತ್ತರಿಸಿ ಹೊಲಿಯುವುದು, ಅವಳು ಕಾಜಾ ಮಾಡಿ ಗುಂಡಿ ಹಚ್ಚುವುದು. ಇಪ್ಪತ್ತೆರಡು ವರ್ಷದಿಂದ ಹೀಗೇ. ವಾರಕ್ಕೊಂದು ಮಧ್ಯಾಹ್ನ ಮಾತ್ರ ಅವನು ಸಿನಿಮಾಕ್ಕೆ ಹೋಗಿ ಬಂದು, ಅಳತೆ ಪುಸ್ತಕದಲ್ಲಿ ಯಾರದೋ ಸೊಂಟ ಮೂವತ್ತಾರರ ಬೆನ್ನಿಗೇ ವಿಮರ್ಶೆ ಬರೆಯುತ್ತಿದ್ದ.

ಅವನ ಕಣ್ಣು ಸಾಮಾನ್ಯದ್ದಲ್ಲ. ಪರದೆಯ ಮೇಲೆ ಹತ್ತು ಸಾವಿರ ಜನ ಯುದ್ಧ ಮಾಡುತ್ತಿದ್ದರೂ ಕೊನೆಯ ಸಾಲಿನ ಸೈನಿಕನ ಕಂಕುಳಲ್ಲಿ ಹೊಲಿಗೆ ಬಿಟ್ಟದ್ದು ಅವನಿಗೆ ಕಾಣುತ್ತಿತ್ತು. ‘ನಾಯಕ ಹೊಡೆದಾಟಕ್ಕೆ ಇಳಿದಾಗ ಅಂಗಿಗೆ ಐದು ಗುಂಡಿ, ಗೆದ್ದು ಬರುವಾಗ ಆರು. ಏಟು ತಿಂದವರಲ್ಲಿ ಒಬ್ಬ ದರ್ಜಿ ಇದ್ದಿರಬೇಕು’ ಎಂದು ಬರೆದ. ಬೀದಿ ಕೊನೆಯ ವಾರಪತ್ರಿಕೆಗೆ ಇಂಥವನ್ನು ಕಂತೆಗಟ್ಟಲೆ ಕಳಿಸಿದ. ಒಂದು ವಾರ ಪುಟದಲ್ಲಿ ಅಂಗೈಯಗಲ ಜಾಗ ಉಳಿದು, ಈ ಗುಂಡಿಯದನ್ನು ಹೆಸರಿಲ್ಲದೆ ಹಾಕಿಬಿಟ್ಟರು.

ಮರುದಿನ ಸಂಪಾದಕರೇ ಅಂಗಡಿ ಬಾಗಿಲಲ್ಲಿ ಬಗ್ಗಿ ನಿಂತರು.

“ಮಾಸ್ಟ್ರೇ, ಜನ ಬಿದ್ದು ಬಿದ್ದು ನಕ್ಕಿದಾರೆ. ನಮ್ಮ ವಿಮರ್ಶಕ ಕೆಲಸ ಬಿಟ್ಟ. ಇನ್ನೊಂದು ತಿಂಗಳೊಳಗೆ ಒಂದು ವಿಮರ್ಶೆ ಬರ್ಕೊಂಡು ಬನ್ನಿ. ಚೆನ್ನಾಗಿದ್ರೆ ಪ್ರತಿ ವಾರ ಪುಟ ನಿಮ್ದು, ಮೇಲೆ ನಿಮ್ಮ ಹೆಸರು.”

ಹೆಸರು! ಅವನು ಅದಕ್ಕಾಗಿಯೇ ಬದುಕಿದ್ದ. ಆದರೆ ‘ನಕ್ಕಿದಾರೆ’ ಎಂಬುದು ಸೂಜಿಯಂತೆ ಚುಚ್ಚಿತು.

“ನಗೋದಕ್ಕೇನಿದೆ ಅದ್ರಲ್ಲಿ?” ಎಂದ ಹೆಂಡತಿಯೊಡನೆ.

“ನಂಗೂ ನಗು ಬಂತು,” ಎಂದಳು ಅವಳು, ಹಲ್ಲಲ್ಲಿ ನೂಲು ಕಡಿಯುತ್ತ.

“ನೀನೂನಾ?”

“ಚೆನ್ನಾಗಿದೆ ಅಂತ ನಕ್ಕೆ ಕಣ್ರೀ.”

ಅವನು ನಂಬಲಿಲ್ಲ. ತನ್ನನ್ನು ತಿದ್ದಿಕೊಳ್ಳಲೇಬೇಕೆಂದು ಹಟ ತೊಟ್ಟ. ಹಳೆಯ ಸಂಚಿಕೆಗಳನ್ನು ಹೊತ್ತು ತಂದು, ದೊಡ್ಡ ವಿಮರ್ಶಕರು ಗುಂಡಿ ನೋಡುವುದಿಲ್ಲ, ‘ಆಶಯ’ ನೋಡುತ್ತಾರೆ ಎಂದು ಕಂಡುಕೊಂಡ. ‘ನಿರೂಪಣೆ ಇನ್ನಷ್ಟು ಬಿಗಿಯಾಗಬಹುದಿತ್ತು’ ಎಂಬುದನ್ನು ಎಷ್ಟು ಸಲ ತಿದ್ದಿ ಬರೆದನೆಂದರೆ, ಆ ವಾರ ಹೊಲಿದ ಪ್ಯಾಂಟುಗಳೂ ಬಿಗಿಯಾಗಿ ಇಬ್ಬರು ಗಿರಾಕಿಗಳು ಮೂರು ದಿನ ನಿಂತೇ ಊಟ ಮಾಡಿದರು. ಚಿತ್ರಮಂದಿರದಲ್ಲಿ ಕಣ್ಣು ಕಾಲರಿನ ಕಡೆ ಹೊರಳಿದಾಗಲೆಲ್ಲ ತೊಡೆ ಚಿವುಟಿಕೊಂಡ. ನಾಲ್ಕನೇ ವಾರಕ್ಕೆ ತೊಡೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕಣ್ಣು ಈಗ ಅವನು ಹೇಳಿದಂತೆ ಕೇಳುತ್ತಿತ್ತು.

ತಿಂಗಳು ತುಂಬಿದಾಗ ಅವನು ಒಯ್ದು ಕೊಟ್ಟದ್ದನ್ನು ಸಂಪಾದಕರು ಓದಿ ಕನ್ನಡಕ ತೆಗೆದರು.

“ಇದ್ಯಾರು ಬರ್ದಿದ್ದು?”

“ನಾನೇ ಸರ್.”

“ಇಂಥದ್ದು ಬರೆಯೋರು ನನ್ನ ಬಾಗಿಲಲ್ಲಿ ಸಾಲು ನಿಂತಿದಾರೆ, ಮಾಸ್ಟ್ರೇ. ಆ ಗುಂಡಿ ಎಣಿಸೋ ಮನುಷ್ಯ ಎಲ್ಲಿ?”

“ಅವನನ್ನ ತಿದ್ದಿದೀನಿ ಸರ್.”

ಸಂಪಾದಕರು ಹಾಳೆಗಳನ್ನು ಮಡಚಿ ಅವನ ಕೈಗೇ ಕೊಟ್ಟರು. “ನಾಳೆ ಸಂಜೆ ಪುಟ ಅಚ್ಚಿಗೆ ಹೋಗತ್ತೆ. ಹಳೇದು ಬೇಡ, ಈ ವಾರದ ಸಿನಿಮಾ ನೋಡಿ. ಅಷ್ಟರೊಳಗೆ ಅವನನ್ನ ಕರ್ಕೊಂಡು ಬನ್ನಿ.”

ಮರುದಿನ ಮೊದಲ ಆಟಕ್ಕೇ ಹೋಗಿ, ಪರದೆಗೆ ಮೂಗು ತಾಗುವಷ್ಟು ಮುಂದೆ ಕೂತ. ಹೊಡೆದಾಟ ಬಂತು. ಕಣ್ಣು ಕಿಸಿದು ನೋಡಿದ. ‘ಸಾಹಸ ದೃಶ್ಯಗಳು ಪರವಾಗಿಲ್ಲ’ ಎಂದಿತು ತಲೆ. ಮತ್ತೆ ನೋಡಿದ. ಅಂಗಿ ಬರೀ ಅಂಗಿಯಾಗಿತ್ತು.

ಅಂಗಡಿಗೆ ಬಂದಾಗ ಹೆಂಡತಿ ಸ್ಟೂಲು ಸರಿಸಿಕೊಟ್ಟಳು.

“ಎಷ್ಟಿತ್ತು ಗುಂಡಿ?”

“ನೀಲಿ ಅಂಗಿ ಹಾಕಿದ್ದ.”

“ಗುಂಡಿ, ರೀ.”

“ಇತ್ತು ಅನ್ಸತ್ತೆ.”

ಸಂಜೆ ಅವನು ಪತ್ರಿಕೆಯ ಕಚೇರಿಗೆ ಹೋಗಲಿಲ್ಲ. ಪುಟದಲ್ಲಿ ಅವನಿಗಾಗಿ ಬಿಟ್ಟಿದ್ದ ಜಾಗದಲ್ಲಿ ಹಾಸಿಗೆ ಅಂಗಡಿಯ ಜಾಹೀರಾತು ಬಂತು.

ಸಿನಿಮಾಕ್ಕೆ ಹೋಗುವುದನ್ನು ಅವನು ಬಿಟ್ಟಿಲ್ಲ. ವಾರಕ್ಕೊಂದು ಮಧ್ಯಾಹ್ನ ಹೋಗುತ್ತಾನೆ, ಬರೆಯದೆ ಬರುತ್ತಾನೆ. ಅವನು ಅತ್ತ ಹೋದೊಡನೆ ಹೆಂಡತಿ ಅವನು ಹೊಲಿದಿಟ್ಟ ಅಂಗಿಗಳನ್ನು ಬೆಳಕಿಗೆ ಹಿಡಿದು ಕಾಲರಿನ ಎರಡೂ ತುದಿಗಳನ್ನು ಜೋಡಿಸಿ ನೋಡುತ್ತಾಳೆ. ಒಂದು ತುದಿ ಈಚೆಗೆ ಯಾವಾಗಲೂ ಕೊಂಚ ಉದ್ದ. ಅವಳು ಹೊಲಿಗೆ ಬಿಚ್ಚಿ, ಅವನು ಬರುವುದರೊಳಗೆ ಸರಿ ಮಾಡಿ, ಮಡಚಿ, ಮೊದಲಿದ್ದಲ್ಲೇ ಇಟ್ಟಿರುತ್ತಾಳೆ.